ಮೂರು ಹನಿಗಳ ಅಕ್ಷರಗಳು: ಜಪಾನೀ ಲಿಪಿಯಲ್ಲಿ ಕಡಲು ಮತ್ತು ಕರೆ



೨೦೦೪ನೆಯ ಇಸವಿ ಡಿಸೆಂಬರ್ ೨೬ರಂದು ಸುಮಾತ್ರಾ ದ್ವೀಪದ ಬಳಿ ಕಡಲ ತಳ ನಡುಗಿತು. ಅಲ್ಲಿಂದೆದ್ದ ತೆರೆಗಳು ಕೆಲವೇ ಗಂಟೆಗಳಲ್ಲಿ ಚೆನ್ನೈ ನಗರದ ಮರೀನಾ ತೀರವನ್ನೂ ನಾಗಪಟ್ಟಣದ ಬೆಸ್ತರ ಕೇರಿಗಳನ್ನೂ ಹೊಕ್ಕು ಹಾಳುಗೆಡವಿದುವು. ಅಂದಿನವರೆಗೆ ಭೂಗೋಳದ ಪುಸ್ತಕಗಳಲ್ಲಿ ಅಡಗಿದ್ದ ಒಂದು ಪದ ಮರುದಿನ ಬೆಳಗಾಗುವುದರೊಳಗೆ ನಮ್ಮ ಪತ್ರಿಕೆಗಳ ತಲೆಬರಹವಾಯಿತು. ಅದೇ ‘ಸುನಾಮಿ’. ಈ ಪದ ಜಪಾನೀಯರದು. ಅವರು ಇದನ್ನು ‘ತ್ಸುನಾಮಿ’ ಎಂದು ಉಚ್ಚರಿಸುತ್ತಾರೆ. ಎರಡೇ ಅಕ್ಷರಗಳಲ್ಲಿ ಬರೆಯುತ್ತಾರೆ. ಆ ಎರಡು ಅಕ್ಷರಗಳ ಎಡಮಗ್ಗುಲಲ್ಲಿಯೂ ಮೂರು ಮೂರು ಹನಿಗಳಿವೆ. ಆ ಹನಿಗಳು ಯಾವುವು, ಅವುಗಳ ಬಲಕ್ಕಿರುವ ಗೆರೆಗಳು ಏನನ್ನು ಹೇಳುತ್ತವೆ ಎಂಬುದನ್ನು ತಿಳಿಯಬೇಕಾದರೆ ನಾವು ಕೊಂಚ ಸುತ್ತುದಾರಿ ಹಿಡಿಯಬೇಕು.

ಮೊದಲೇ ಹೇಳಿಬಿಡುತ್ತೇನೆ: ಆ ಅಕ್ಷರಗಳನ್ನು ಇಲ್ಲಿ ಅಚ್ಚುಮಾಡಿಲ್ಲ, ಮಾತಿನಿಂದಲೇ ಬಿಡಿಸಿ ತೋರಿಸುತ್ತೇನೆ. ಒಂದು ಹಾಳೆಯನ್ನೂ ಪೆನ್ಸಿಲನ್ನೂ ಹತ್ತಿರದಲ್ಲಿಟ್ಟುಕೊಳ್ಳಿ. ಬರಿದೆ ಓದಿದವನಿಗಿಂತ ಬರೆಯುತ್ತ ಓದಿದವನಿಗೆ ಈ ಪಾಠ ಹೆಚ್ಚು ದಕ್ಕುವುದು.

ಜಪಾನೀ ಬರವಣಿಗೆಯಲ್ಲಿ ಎರಡು ಬಗೆಯ ಲಿಪಿಗಳು ಕೂಡಿಕೊಂಡಿವೆ. ಒಂದು ‘ಕನ’, ಇದು ನಮ್ಮ ಲಿಪಿಯಂತೆ ದನಿಯನ್ನು ಸೂಚಿಸತಕ್ಕದ್ದು. ಇದರ ಕೋಷ್ಟಕ ‘ಅ ಇ ಉ ಎ ಒ’ ಎಂದು ಸ್ವರಗಳಿಂದ ಮೊದಲಾಗಿ ‘ಕ ಸ ತ ನ ಹ ಮ ಯ ರ ವ’ ಎಂದು ಮುಂದುವರಿಯುತ್ತದೆ. ನಮ್ಮ ವರ್ಣಮಾಲೆಯ ನೆರಳನ್ನು ಇಲ್ಲಿ ಕಂಡವರು ತಪ್ಪಿಲ್ಲ. ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿಯನ್ನು ಅಭ್ಯಾಸಮಾಡುತ್ತಿದ್ದರು. ಅದರೊಡನೆ ಭಾರತದ ಅಕ್ಷರಕ್ರಮವೂ ಆ ದ್ವೀಪಗಳನ್ನು ಸೇರಿತು. ಇನ್ನೊಂದು ಲಿಪಿ ಚೀನದಿಂದ ಬಂದ ‘ಕಂಜಿ’. ಇದರಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಅರ್ಥವುಂಟು. ನಿತ್ಯಬಳಕೆಗೆಂದು ಅಲ್ಲಿನ ಸರಕಾರ ೨೦೧೦ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ೨,೧೩೬ ಕಂಜಿಗಳಿವೆ. ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ೧,೦೨೬ನ್ನು ಕಲಿಯಬೇಕು. ನಲವತ್ತೊಂಬತ್ತು ಅಕ್ಷರಗಳ ಮಾಲೆ ದೊಡ್ಡದಾಯಿತೆಂದು ಗೊಣಗುವ ನಮ್ಮ ಚಿಕ್ಕ ತರಗತಿಯವರು ಈ ಲೆಕ್ಕವನ್ನು ಗಮನಿಸಬೇಕು! ಒಂದನೆಯ ತರಗತಿಯ ಮಕ್ಕಳ ಪಾಲಿಗೆ ಬರುವುದು ೮೦. ಅವುಗಳಲ್ಲಿ ‘ಹೊಳೆ’ಯೂ ‘ನೀರು’ ಎಂಬುದೂ ಸೇರಿವೆ. ನಾವೂ ಅಲ್ಲಿಂದಲೇ ಹೊರಡೋಣ.

ಹೊಳೆಯನ್ನು ಬರೆಯಲು ಮೂರು ನೆಟ್ಟ ಗೆರೆಗಳು ಸಾಕು. ಎಡಗಡೆಯದು ಕೆಳತುದಿಯಲ್ಲಿ ತುಸು ಎಡಕ್ಕೆ ಬಾಗಿದೆ, ನಡುವಿನದು ಗಿಡ್ಡ, ಬಲಗಡೆಯದು ಉದ್ದ. ಹರಿಯುವ ನೀರಿನ ಚಿತ್ರವೇ ಸವೆದು ಈ ರೂಪ ತಾಳಿದೆ. ತಂದೆತಾಯಿಯರ ನಡುವೆ ಮಗು ಮಲಗಿದ್ದರೆ ‘ಹೊಳೆಯ ಅಕ್ಷರದಂತೆ ಮಲಗಿದ್ದಾರೆ’ ಎಂದು ಜಪಾನಿನಲ್ಲಿ ಹೇಳುವುದುಂಟು. ನಡುವಿನ ಗಿಡ್ಡ ಗೆರೆ ಯಾರೆಂಬುದನ್ನು ವಿವರಿಸಬೇಕಾಗಿಲ್ಲ. ಈಗ ಪ್ರತಿಯೊಂದು ಗೆರೆಯ ಎಡಕ್ಕೂ ಒಂದೊಂದು ಚುಕ್ಕೆಯಿಡಿ. ಹೊಳೆಯ ನಡುವೆ ಮರಳ ದಿಬ್ಬಗಳು ತಲೆಯೆತ್ತಿದುವು. ಈ ಅಕ್ಷರದ ಮೊದಲ ಅರ್ಥ ನೀರಿನ ನಡುವಣ ನೆಲ ಎಂದು. ಆಮೇಲೆ ನಾಡು, ಪ್ರಾಂತ ಎಂದಾಯಿತು. ಇದರ ಓದು ‘ಶೂ’. ಭೂಪಟದಲ್ಲಿ ನೀವು ಕಾಣುವ ಹೋನ್‌ಶೂ, ಕ್ಯೂಶೂ ದ್ವೀಪಗಳ ಹೆಸರಿನ ಕೊನೆಯಲ್ಲಿರುವುದು ಇದೇ. ಕ್ಯೂಶೂ ಎಂದರೆ ಒಂಬತ್ತು ನಾಡುಗಳು. ಪೂರ್ವದಲ್ಲಿ ಆ ದ್ವೀಪದಲ್ಲಿ ಒಂಬತ್ತು ಪ್ರಾಂತಗಳಿದ್ದುವು.

ನೀರಿನ ಅಕ್ಷರಕ್ಕೆ ನಾಲ್ಕು ಗೆರೆಗಳು. ನಡುವೆ ನೆಟ್ಟಗೆ ಇಳಿದು ಎಡಕ್ಕೆ ಕೊಕ್ಕೆಯಾಗುವ ಒಂದು; ಅದರ ಎಡಕ್ಕೆ ಮಡಿಸಿ ಇಳಿಸಿದ ಒಂದು; ಬಲಕ್ಕೆ ಓರೆಯಾದ ಎರಡು. ಇದರ ಎಡ ಹೆಗಲಿನ ಮೇಲೆ ಒಂದು ಚುಕ್ಕೆಯಿಟ್ಟರೆ ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾಗುತ್ತದೆ. ತಲೆಯ ಮೇಲೆ ‘ಬಿಳಿ’ ಎಂಬ ಅಕ್ಷರವನ್ನು ಹೊರಿಸಿದರೆ ಬುಗ್ಗೆ, ಒರತೆ ಎಂದಾಗುತ್ತದೆ. ಆದರೆ ನೀರು ಮತ್ತೊಂದು ಅಕ್ಷರದ ಎಡಮಗ್ಗುಲಿಗೆ ಸರಿದು ನಿಲ್ಲಬೇಕಾದಾಗ ಈ ನಾಲ್ಕು ಗೆರೆಗಳಿಗೆ ಎಡೆ ಸಾಲದು. ಆಗ ಅದು ಮೂರು ಹನಿಗಳಾಗಿ ಕುಗ್ಗುತ್ತದೆ. ಮೇಲಿನ ಎರಡು ಹನಿಗಳನ್ನು ಮೇಲಿನಿಂದ ಕೆಳಕ್ಕೆ ಒತ್ತಿ ಬರೆಯಬೇಕು. ಮೂರನೆಯದನ್ನು ಕೆಳಗಿನಿಂದ ಮೇಲಕ್ಕೆ ಚಿಮ್ಮಿಸಬೇಕು. ಇದಕ್ಕೆ ‘ಸಂಜುಯಿ’ ಎಂದು ಹೆಸರು: ‘ಸನ್’ ಎಂದರೆ ಮೂರು, ‘ಸುಯಿ’ ಎಂದರೆ ನೀರು. ಕಡಲು, ಕೊಳ, ಬಂದರು, ತೆರೆ, ಈಜು, ಬೆವರು ಮೊದಲಾಗಿ ತೇವವಿದ್ದೆಡೆಯಲ್ಲೆಲ್ಲ ಈ ಹನಿಗಳಿವೆ. ಕಂಜಿ ಎಂಬ ಹೆಸರಿನ ಮೊದಲ ಅಕ್ಷರವಾದ ‘ಕನ್’ನಲ್ಲಿಯೂ ಇವೆ! ಅದು ಮೂಲದಲ್ಲಿ ಚೀನದ ಒಂದು ನದಿಯ ಹೆಸರು. ಯಾಂಗ್‌ತ್ಸೆಯನ್ನು ಕೂಡಿಕೊಳ್ಳುವ ಆ ಹಾನ್ ನದಿಯಿಂದ ಒಂದು ಸೀಮೆಗೂ, ಸೀಮೆಯಿಂದ ಒಂದು ರಾಜವಂಶಕ್ಕೂ, ರಾಜವಂಶದಿಂದ ಒಂದು ಜನಾಂಗಕ್ಕೂ, ಕೊನೆಗೆ ಅವರ ಲಿಪಿಗೂ ಆ ಹೆಸರು ಹರಿದುಬಂದಿತು.

ಇನ್ನು ಓದುವ ವಿಷಯ. ಒಂದೇ ಕಂಜಿಗೆ ಸಾಮಾನ್ಯವಾಗಿ ಎರಡು ಬಗೆಯ ಓದುಗಳಿರುತ್ತವೆ ಎಂದರೆ ಆಂಗ್ಲರಿಗೆ ವಿಚಿತ್ರವೆನಿಸಬಹುದು; ಕನ್ನಡಿಗರಿಗೆ ಎನಿಸಬೇಕಾಗಿಲ್ಲ. ನಮ್ಮಲ್ಲಿ ನೀರು ಉಂಟು, ಜಲವೂ ಉಂಟು. ಕಡಲು ಉಂಟು, ಸಮುದ್ರವೂ ಉಂಟು. ಒಂದು ನಮ್ಮ ಮನೆಯ ಮಾತು, ಇನ್ನೊಂದು ಸಂಸ್ಕೃತದಿಂದ ಬಂದುದು. ‘ನೀರು’ ಎಂಬ ಅರ್ಥಕ್ಕೆ ನಮ್ಮಲ್ಲಿ ಒಂದೇ ಚಿಹ್ನೆಯಿದ್ದು, ಅದು ಒಂಟಿಯಾಗಿ ನಿಂತಾಗ ‘ನೀರು’ ಎಂದೂ ಸಮಾಸದಲ್ಲಿ ಬಂದಾಗ ‘ಜಲ’ ಎಂದೂ ಓದುತ್ತಿದ್ದೇವೆಂದು ಭಾವಿಸಿಕೊಳ್ಳಿ. ಜಪಾನೀಯರು ಮಾಡುವುದು ಇದನ್ನೇ. ನೀರಿನ ಅಕ್ಷರ ಒಂಟಿಯಾಗಿದ್ದರೆ ದೇಶ್ಯವಾದ ‘ಮಿಜು’. ಸಮಾಸದಲ್ಲಿ ಚೀನಾಮೂಲದ ‘ಸುಯಿ’. ಬುಧಗ್ರಹವನ್ನು ಅವರು ‘ಸುಯಿಸೇ’, ಎಂದರೆ ನೀರಿನ ನಕ್ಷತ್ರ, ಎನ್ನುತ್ತಾರೆ. ಆದುದರಿಂದ ನಮ್ಮ ಬುಧವಾರ ಅವರ ‘ಸುಯಿಯೋಬಿ’, ನೀರಿನ ವಾರ. ಹೆಸರು ಬೇರೆಯಾದರೂ ಗ್ರಹ ಒಂದೇ. ದೇಶ್ಯವನ್ನೂ ಸಂಸ್ಕೃತವನ್ನೂ ಬೆರಸಿದ ಸಮಾಸವನ್ನು ನಮ್ಮ ವೈಯಾಕರಣರು ಅರಿಸಮಾಸವೆಂದು ಕರೆದು ಮುಖ ಸಿಂಡರಿಸಿದರಷ್ಟೆ. ಜಪಾನಿನಲ್ಲಿಯೂ ಅಂಥ ಬೆರಕೆಯ ಓದುಗಳುಂಟು. ಮೊದಲ ಭಾಗ ದೇಶ್ಯ, ಎರಡನೆಯದು ಚೀನೀ ಆಗಿರುವ ಬಗೆಗೆ ಅವರು ಇಟ್ಟ ಹೆಸರು ‘ಯುತೋ ಓದು’. ‘ಯುತೋ’ ಎಂದರೆ ಬಿಸಿನೀರಿನ ಪಾತ್ರೆ; ಆ ಪದವೇ ಅಂಥ ಬೆರಕೆಯಾಗಿರುವುದರಿಂದ ಈ ಹೆಸರು. ಬಿಸಿನೀರಿನ ಅಕ್ಷರದಲ್ಲಿಯೂ ಮೂರು ಹನಿಗಳು ತಪ್ಪಿಲ್ಲ.

ಹನಿಗಳ ಬಲಕ್ಕಿರುವುದೇನು? ಇಲ್ಲಿಯೇ ಹೊಸಬರು ಎಡವುವುದು. ‘ಮಹಾಸಾಗರ’ ಎಂಬ ಅಕ್ಷರವನ್ನು ನೋಡಿ: ಮೂರು ಹನಿ, ಬಲಕ್ಕೆ ‘ಕುರಿ’. ಸಾಗರದಲ್ಲಿ ಕುರಿಗೇನು ಕೆಲಸ? ನೊರೆತೆರೆಗಳು ಬಿಳಿಯ ಕುರಿಮಂದೆಯಂತೆ ಕಾಣುತ್ತವೆಂದು ಯಾರಾದರೂ ಕಲ್ಪಿಸಿಯಾರು. ಕೆರೆಗಿಂತ ಹಿರಿದಾದ ‘ಸರೋವರ’ದ ಅಕ್ಷರದಲ್ಲಿ ಮೂರು ಹನಿ, ‘ಹಳೆಯದು’, ‘ಚಂದ್ರ’ ಎಂಬ ಮೂರು ಆಕಾರಗಳು ಸಾಲಾಗಿ ನಿಂತಿವೆ. ನೀರಿನಲ್ಲಿ ಬಿದ್ದ ಹಳೆಯ ಚಂದ್ರನ ಬಿಂಬ! ಕವಿಗೆ ಇದಕ್ಕಿಂತ ಬೇಕೆ? ಆದರೆ ಈ ಸೊಗಸಾದ ವಿವರಣೆಗಳೆರಡೂ ಸುಳ್ಳು. ಕುರಿಯ ಅಕ್ಷರದ ಚೀನೀ ಓದು ‘ಯೋ’. ಸಾಗರದ ಓದೂ ‘ಯೋ’. ‘ಹಳೆಯದು’ ಎಂಬುದರ ಓದು ‘ಕೊ’. ಸರೋವರದ ಓದೂ ‘ಕೊ’. ಎಡಭಾಗ ಅರ್ಥದ ಕುಲವನ್ನು ಹೇಳುತ್ತದೆ, ಬಲಭಾಗ ದನಿಯನ್ನು ಕೊಡುತ್ತದೆ. ಕಂಜಿಗಳಲ್ಲಿ ಬಹುಪಾಲು ಇಂಥವೇ. ಚೀನದ ವಿದ್ವಾಂಸನಾದ ಶೂ ಶೆನ್ ಎಂಬವನು ಕ್ರಿ. ಶ. ೧೦೦ರ ಸುಮಾರಿಗೆ ರಚಿಸಿದ ನಿಘಂಟಿನಲ್ಲಿಯೇ ಈ ಬಗೆಯನ್ನು ಗುರುತಿಸಿದ್ದಾನೆ.

ಈ ನಿಯಮವನ್ನು ಮರೆತವರು ಕೇವಲ ಹೊಸಬರಲ್ಲ. ‘ತೆರೆ’ಯ ಅಕ್ಷರದಲ್ಲಿ ಹನಿಗಳ ಬಲಕ್ಕೆ ‘ಚರ್ಮ’ ಇದೆ. ಹನ್ನೊಂದನೆಯ ಶತಮಾನದಲ್ಲಿ ಚೀನದ ಮಂತ್ರಿಯಾಗಿದ್ದ ವಾಂಗ್ ಅನ್‌ಶಿ ಎಂಬ ಪಂಡಿತ, ತೆರೆಯೆಂದರೆ ನೀರಿನ ಚರ್ಮವೆಂದು ಗಂಭೀರವಾಗಿ ವ್ಯಾಖ್ಯಾನಿಸಿದನಂತೆ. ಅವನ ಸಮಕಾಲೀನನಾದ ಸು ಶಿ ಎಂಬ ಕವಿ ಸುಮ್ಮನಿರಲಿಲ್ಲ. ‘ಜಾರುವುದು’ ಎಂಬ ಅಕ್ಷರದಲ್ಲಿ ಹನಿಗಳ ಬಲಕ್ಕೆ ‘ಎಲುಬು’ ಇದೆಯಲ್ಲ, ಹಾಗಾದರೆ ಅದು ನೀರಿನ ಎಲುಬೋ ಎಂದು ಕೇಳಿದನೆಂದು ಕತೆ. ಎಷ್ಟು ಚಂದದ ವ್ಯುತ್ಪತ್ತಿಯಾದರೂ ಪಕ್ಕದ ನಾಲ್ಕು ಅಕ್ಷರಗಳಿಗೆ ಹೊಂದದಿದ್ದರೆ ಅದನ್ನು ಅನುಮಾನದಿಂದ ನೋಡಬೇಕು. ನಮ್ಮ ಊರುಗಳ ಹೆಸರಿಗೆ ಕತೆ ಕಟ್ಟುವವರಿಗೂ ಸು ಶಿಯಂಥ ಸ್ನೇಹಿತರಿದ್ದಿದ್ದರೆ ಚೆನ್ನಾಗಿತ್ತು.

‘ಕಡಲು’ ಎಂಬ ಅಕ್ಷರದ ಬಲಭಾಗವೂ ಹೀಗೆಯೇ. ಅಲ್ಲಿರುವುದು ‘ಪ್ರತಿಯೊಂದು’ ಎಂಬ ಅಕ್ಷರ. ಅದರ ಹೊಟ್ಟೆಯೊಳಗೆ ‘ತಾಯಿ’ ಇದ್ದಳು. ತಾಯಿಯ ಅಕ್ಷರದಲ್ಲಿ ಎರಡು ಚುಕ್ಕೆಗಳುಂಟು. ಅವು ಹಾಲೂಡುವ ಮೊಲೆಗಳ ಗುರುತು. ಎರಡನೆಯ ಮಹಾಯುದ್ಧದ ತರುವಾಯ ಜಪಾನಿನಲ್ಲಿ ಲಿಪಿಸುಧಾರಣೆ ನಡೆದು, ೧೯೪೯ರ ಅಕ್ಷರರೂಪಗಳ ಪಟ್ಟಿಯಲ್ಲಿ ಕಡಲೊಳಗಿನ ಈ ಎರಡು ಚುಕ್ಕೆಗಳು ಒಂದೇ ಗೆರೆಯಾಗಿ ಕೂಡಿಹೋದುವು. ಹತ್ತು ಗೆರೆಯ ಕಡಲು ಒಂಬತ್ತು ಗೆರೆಯದಾಯಿತು. ಮಕ್ಕಳ ಕೈಗೆ ಒಂದು ಗೆರೆಯ ಉಳಿತಾಯವಾದರೂ ತಾಯಿ ಅರ್ಧ ಮರೆಯಾದಳು. ಮಿಯೋಶಿ ತತ್ಸುಜಿ ಎಂಬ ಕವಿ ಕಡಲೊಳಗಿನ ತಾಯಿಯನ್ನು ತನ್ನ ಕವಿತೆಯೊಂದಕ್ಕೆ ತಂದುಕೊಂಡಿದ್ದನು. ಅದು ಸುಧಾರಣೆಗೆ ಮುಂಚಿನ ಮಾತು. ವ್ಯಾಕರಣ ಬಲ್ಲವರು ಅವಳು ದನಿಗಾಗಿ ಬಂದವಳೆನ್ನುತ್ತಾರೆ, ಅದು ದಿಟ. ಹಾಗೆಂದು ಕವಿ ಅವಳನ್ನು ನೋಡಬಾರದೆಂದೇನೂ ಇಲ್ಲ. ನಿಘಂಟು ಬರೆಯುವವನು ಹಾಗೆ ನೋಡಿದರೆ ಮಾತ್ರ ತಪ್ಪು.

ಕಡಲಿನ ದೇಶ್ಯ ಓದು ‘ಉಮಿ’. ಸರೋವರಕ್ಕೆ ‘ಮಿಜು-ಉಮಿ’, ನೀರಿನ ಕಡಲು. ಕಡಲೆಲ್ಲ ನೀರೇ ಅಲ್ಲವೆ ಎಂದೀರಿ. ಇಲ್ಲಿ ನೀರೆಂದರೆ ಸಿಹಿನೀರು. ಪ್ರಾಚೀನರು ಉಪ್ಪಿನದಿರಲಿ ಸಿಹಿಯದಿರಲಿ, ಹಿರಿದಾದ ಜಲರಾಶಿಯನ್ನು ಉಮಿಯೆಂದೇ ಕರೆಯುತ್ತಿದ್ದರು. ಕ್ಯೋತೋ ನಗರದ ಪೂರ್ವಕ್ಕೆ ಬಿವಾ ಸರೋವರವಿದೆ. ಸುಮಾರು ೬೭೦ ಚದರ ಕಿಲೋಮೀಟರು ಹರಡಿರುವ ಇದು ಜಪಾನಿನ ಸರೋವರಗಳಲ್ಲೆಲ್ಲ ದೊಡ್ಡದು. ಬಿವಾ ಎಂಬುದು ಒಂದು ತಂತಿವಾದ್ಯದ ಹೆಸರು. ಇದರ ಸುತ್ತಣ ಪ್ರಾಂತಕ್ಕೆ ‘ಓಮಿ’ ಎಂದು ಹೆಸರು. ‘ಅವ-ಉಮಿ’, ಎಂದರೆ ಸಿಹಿಗಡಲು, ಸವೆದು ಓಮಿಯಾಗಿದೆ. ಆದರೆ ಅದನ್ನು ಬರೆಯುವುದು ‘ಹತ್ತಿರದ ನೀರು’ ಎಂಬ ಅರ್ಥದ ಎರಡು ಕಂಜಿಗಳಲ್ಲಿ. ಯಾವುದಕ್ಕೆ ಹತ್ತಿರ? ರಾಜಧಾನಿಗೆ. ದೂರದ ಸಿಹಿಗಡಲೊಂದು ಪೂರ್ವದಲ್ಲಿತ್ತು, ಹಮಾನಾ ಸರೋವರ. ಅದರ ಸೀಮೆ ‘ತೋತೋಮಿ’, ಬರೆಯುವುದು ‘ದೂರದ ನೀರು’ ಎಂದು. ೧೪೯೮ರ ಭೂಕಂಪದಲ್ಲಿ ಹಮಾನಾವನ್ನು ಕಡಲಿನಿಂದ ಬೇರ್ಪಡಿಸಿದ್ದ ಮರಳ ನೆಲ ಒಡೆದು ಉಪ್ಪುನೀರು ಒಳನುಗ್ಗಿತು. ಹೆಸರಿನಲ್ಲಿ ಸಿಹಿ ಉಳಿದಿದೆ, ನೀರಿನಲ್ಲಿ ಇಲ್ಲ.

ಕರೆಗೆ ಬಂದರೆ ಹನಿಗಳು ಹಿಂದೆ ಸರಿದು ಬೆಟ್ಟ ಮುಂದೆ ಬರುತ್ತದೆ. ‘ದಡ’ ಎಂಬ ಅಕ್ಷರದ ತಲೆಯ ಮೇಲೆ ಬೆಟ್ಟವಿದೆ, ಅದರ ಕೆಳಗೆ ಬಂಡೆಯ ಅಂಚಿದೆ. ನೀರಿನ ಗುರುತೇ ಇಲ್ಲ. ನೀರಿನಲ್ಲಿ ನಿಂತವನಿಗೆ ದಡ ಕಾಣುವುದು ಹೀಗೆ. ಇದರ ಓದು ‘ಕಿಶಿ’, ಸಮಾಸದಲ್ಲಿ ‘ಗನ್’. ‘ಹಿಗನ್’ ಎಂದರೆ ಆಚೆಯ ದಡ. ವಸಂತ ಮತ್ತು ಶರತ್ಕಾಲಗಳಲ್ಲಿ ಹಗಲಿರುಳು ಸಮವಾಗುವ ದಿನದ ಆಸುಪಾಸಿನ ಏಳು ದಿನಗಳಿಗೆ ಈ ಹೆಸರು. ಆಗ ಜನರು ಹಿರಿಯರ ಸಮಾಧಿಗಳಿಗೆ ಹೋಗಿ ಹೂವಿಟ್ಟು ಬರುತ್ತಾರೆ. ಬೌದ್ಧ ಗ್ರಂಥಗಳ ‘ಪಾರಮಿತಾ’ ಎಂಬುದರಲ್ಲಿನ ‘ಪಾರ’ವನ್ನು, ಸಂಸಾರಸಾಗರದ ಆ ತೀರವನ್ನು, ಚೀನೀಯರು ಹೀಗೆ ಅನುವಾದಿಸಿಕೊಂಡರು. ನಾವು ‘ಪಾರಾದೆ’ ಎನ್ನುವಾಗ ಇರುವುದೂ ಅದೇ ಪಾರ. ‘ದ್ವೀಪ’ದ ಅಕ್ಷರದಲ್ಲಿ ಬೆಟ್ಟದ ಮೇಲೆ ಹಕ್ಕಿ ಕುಳಿತಿದೆ, ಬೆಟ್ಟಕ್ಕೆ ಎಡೆಮಾಡಿಕೊಡಲು ಹಕ್ಕಿಯ ಕಾಲಿನ ನಾಲ್ಕು ಚುಕ್ಕೆಗಳನ್ನು ತೆಗೆದುಹಾಕಿದ್ದಾರೆ. ಹಿರೋಶಿಮಾ ಎಂಬ ಹೆಸರಿನ ‘ಶಿಮಾ’ ಇದೇ: ಅಗಲವಾದ ದ್ವೀಪ. ನಾಗಸಾಕಿ ಉದ್ದನೆಯ ಭೂಶಿರ. ಅದರ ‘ಸಾಕಿ’ಯಲ್ಲಿಯೂ ಬೆಟ್ಟವಿದೆ. ೧೯೪೫ರ ಆಗಸ್ಟಿನಲ್ಲಿ ಜಗತ್ತು ಈ ಎರಡು ಹೆಸರುಗಳನ್ನು ಬೇರೊಂದು ಕಾರಣದಿಂದ ಕಲಿಯಬೇಕಾಯಿತು.

ನನಗೆ ಬಹಳ ಮೆಚ್ಚುಗೆಯಾದುದು ಭರತದ ಅಕ್ಷರ. ಕಡಲೇರುವುದಕ್ಕೆ ಜಪಾನೀಯರು ‘ಶಿಯೊ’ ಎನ್ನುತ್ತಾರೆ. ಬರೆಯಲು ಎರಡು ಕಂಜಿಗಳುಂಟು. ಒಂದು ಮೂರು ಹನಿ ಮತ್ತು ‘ಬೆಳಗು’. ಇನ್ನೊಂದು ಮೂರು ಹನಿ ಮತ್ತು ‘ಸಂಜೆ’. ಬೆಳಗಿನ ಭರತ ಒಂದು, ಸಂಜೆಯ ಭರತ ಒಂದು. ದಿನಕ್ಕೆ ಎರಡು ಸಲ ನೀರೇರುವುದನ್ನು ಕಂಡವರು ಮಾಡಿದ ಅಕ್ಷರಗಳಿವು. ತೋಕ್ಯೋ ನಗರದ ನಡುವೆ ‘ಶಿಯೊದೊಮೆ’ ಎಂಬ ಬಡಾವಣೆಯಿದೆ. ಸಂಜೆಯ ಭರತವನ್ನು ತಡೆದ ಎಡೆ ಎಂದು ಬರೆಯುತ್ತಾರೆ. ೧೮೭೨ರಲ್ಲಿ ಜಪಾನಿನ ಮೊದಲ ರೈಲುದಾರಿಯ ನಿಲ್ದಾಣ ಕಟ್ಟಿದ್ದು ಅಲ್ಲಿ. ಈಗ ಅಲ್ಲಿ ಗಗನಚುಂಬಿ ಕಟ್ಟಡಗಳಿವೆ. ಕಡಲು ಎಲ್ಲಿಯವರೆಗೆ ಬರುತ್ತಿತ್ತೆಂಬುದನ್ನು ಹೆಸರು ಮರೆತಿಲ್ಲ.

ಈಗ ಹೊರಟಲ್ಲಿಗೆ ಬರೋಣ. ‘ತ್ಸು’ ಎಂಬ ಅಕ್ಷರಕ್ಕೆ ಬಂದರು, ದೋಣಿ ತಂಗುವ ಎಡೆ ಎಂದು ಅರ್ಥ. ಮೂರು ಹನಿಗಳ ಬಲಕ್ಕಿರುವ ಆಕಾರ ಇತರ ಅಕ್ಷರಗಳಲ್ಲಿ ಕುಂಚ ಹಿಡಿದ ಕೈಯನ್ನು ಸೂಚಿಸುತ್ತದೆ. ಕುಂಚಕ್ಕೂ ಬಂದರಿಗೂ ನಂಟು ಹುಡುಕುವ ಆಸೆಯಾದರೆ ವಾಂಗ್ ಅನ್‌ಶಿಯನ್ನು ನೆನೆದುಕೊಳ್ಳಿ. ‘ನಾಮಿ’ ಎಂದರೆ ತೆರೆ, ನಾವು ಆಗಲೇ ಕಂಡ ‘ನೀರಿನ ಚರ್ಮ’. ಕೂಡಿಸಿದರೆ ಬಂದರಿನ ತೆರೆ. ಇಷ್ಟು ಭಯಂಕರವಾದುದಕ್ಕೆ ಇಷ್ಟು ಸಾಧಾರಣವಾದ ಹೆಸರೇಕೆ? ನಡುಗಡಲಿನಲ್ಲಿ ಈ ತೆರೆಯ ಎತ್ತರ ಬಹಳ ಕಡಿಮೆ, ಉದ್ದ ಮಾತ್ರ ನೂರಾರು ಕಿಲೋಮೀಟರು. ನಾಲ್ಕು ಸಾವಿರ ಮೀಟರು ಆಳದ ನೀರಿನಲ್ಲಿ ಅದು ಗಂಟೆಗೆ ಸುಮಾರು ೭೦೦ ಕಿಲೋಮೀಟರು ವೇಗದಿಂದ ಓಡುತ್ತಿದ್ದರೂ ಮೇಲಿರುವ ದೋಣಿಗೆ ತಿಳಿಯದು. ದಡ ಹತ್ತಿರವಾಗಿ ಆಳ ಕಡಿಮೆಯಾದಂತೆ ವೇಗ ತಗ್ಗುತ್ತದೆ, ಹಿಂದಿನ ನೀರು ಮುಂದಿನದರ ಮೇಲೆ ಒತ್ತರಿಸಿ ಎತ್ತರ ಏರುತ್ತದೆ. ೧೮೯೬ರ ಜೂನ್ ೧೫ರ ರಾತ್ರಿ ಜಪಾನಿನ ಈಶಾನ್ಯದ ಸಾನ್‌ರಿಕು ತೀರದಲ್ಲಿ ಸುಮಾರು ೨೨,೦೦೦ ಜನ ಮಡಿದರು. ದೂರ ಕಡಲಲ್ಲಿ ಮೀನು ಹಿಡಿಯುತ್ತಿದ್ದ ಬೆಸ್ತರಿಗೆ ಏನೂ ಗೊತ್ತಾಗಲಿಲ್ಲ. ಮರಳಿ ಬಂದಾಗ ಊರಿರಲಿಲ್ಲ. ಅವರ ಪಾಲಿಗೆ ಆ ತೆರೆ ಇದ್ದುದು ಬಂದರಿನಲ್ಲಿ ಮಾತ್ರ.

ಅದೇ ತೀರಕ್ಕೆ ೧೯೩೩ರಲ್ಲಿ ಮತ್ತೆ ನೀರು ಬಂದಿತು. ಆಮೇಲೆ ಅನೆಯೋಶಿ ಎಂಬ ಸಣ್ಣ ಹಳ್ಳಿಯವರು ದಿನ್ನೆಯ ಮೇಲೆ ಒಂದು ಕಲ್ಲು ನೆಟ್ಟು, ಇದಕ್ಕಿಂತ ಕೆಳಗೆ ಮನೆ ಕಟ್ಟಬಾರದೆಂದು ಕೊರೆಸಿದರು. ಮಕ್ಕಳು ಮೊಮ್ಮಕ್ಕಳು ಆ ಅಕ್ಷರಗಳನ್ನು ಓದಿದರು, ಓದಿದಂತೆ ನಡೆದರು. ೨೦೧೧ರ ಮಾರ್ಚ್ ೧೧ರಂದು ಬಂದ ನೀರು ಆ ಕಲ್ಲಿನ ಕೆಳಗೇ ನಿಂತುಹೋಯಿತು.

ಇನ್ನೊಂದು ಹೆಸರನ್ನು ಬರೆದುಕೊಳ್ಳಿ. ಮರಳ ತೀರಕ್ಕೆ ‘ಹಮಾ’ ಎನ್ನುತ್ತಾರೆ; ಅದರಲ್ಲಿ ಹನಿಗಳ ಬಲಕ್ಕೆ ಈಗ ‘ಸೈನಿಕ’ನಿದ್ದಾನೆ, ಹಿಂದೆ ‘ಅತಿಥಿ’ಯಿದ್ದನು. ಯೋಕೊಹಾಮಾದ ಕೊನೆಯಲ್ಲಿರುವುದು ಇದೇ. ‘ಬಾಯಿ’ ಎಂಬುದು ಬರಿಯ ಒಂದು ಚೌಕ, ಓದು ‘ಗುಚಿ’. ಇವೆರಡನ್ನೂ ಕೂಡಿಸಿದರೆ ಹಮಾಗುಚಿ, ತೀರದ ಬಾಯಿ. ಕೀ ಪ್ರಾಂತದ ಹಿರೊ ಎಂಬ ಗ್ರಾಮದಲ್ಲಿ ಹಮಾಗುಚಿ ಗೊರ್ಯೊ ಎಂಬವನಿದ್ದನು. ಸೋಯಾ ಅವರೆಯ ರಸವನ್ನು ತಯಾರಿಸುವ ಮನೆತನದವನು. ೧೮೫೪ರ ಡಿಸೆಂಬರ್ ೨೪ರ ಸಂಜೆ ನೆಲ ನಡುಗಿ ಕಡಲು ಏರಿತು. ಕತ್ತಲಲ್ಲಿ ಜನರಿಗೆ ದಾರಿ ತೋರದು. ಅವನು ಗದ್ದೆಗಳಲ್ಲಿದ್ದ ಭತ್ತದ ಹುಲ್ಲಿನ ಬಣವೆಗಳಿಗೆ ಬೆಂಕಿಯಿಟ್ಟನು; ಆ ಬೆಳಕನ್ನು ಹಿಡಿದು ಜನರು ಗುಡ್ಡದ ಮೇಲಿನ ದೇವಾಲಯದ ಕಡೆಗೆ ಓಡಿದರು. ಜಪಾನಿನಲ್ಲಿ ನೆಲಸಿದ ಲಾಫ್ಕಾಡಿಯೊ ಹರ್ನ್ ಎಂಬ ಲೇಖಕನು ೧೮೯೭ರಲ್ಲಿ ಇದನ್ನು ಆಂಗ್ಲದಲ್ಲಿ ಕತೆಯಾಗಿ ಬರೆದನು. ಮೂವತ್ತು ದಾಟಿದ ಗೊರ್ಯೊ ಆ ಕತೆಯಲ್ಲಿ ಮುದುಕನಾಗಿದ್ದಾನೆ, ಹುಲ್ಲು ತೆನೆಯಾಗಿದೆ, ಕತೆಗಾರರ ಸ್ವಾತಂತ್ರ್ಯ. ಅದನ್ನು ಆ ಸೀಮೆಯವರೇ ಆದ ನಕಾಯಿ ತ್ಸುನೆಜೊ ಎಂಬ ಶಾಲಾ ಉಪಾಧ್ಯಾಯರು ಮಕ್ಕಳಿಗಾಗಿ ಸರಳವಾಗಿ ತಿರುಗಿ ಬರೆದರು. ೧೯೩೭ರಿಂದ ೧೯೪೭ರವರೆಗೆ ಅದು ಜಪಾನಿನ ಶಾಲೆಗಳ ಪಠ್ಯವಾಗಿತ್ತು.

ಪಠ್ಯದಲ್ಲಿ ಬಾರದ ಭಾಗ ಇನ್ನೂ ದೊಡ್ಡದೆಂದು ನನ್ನ ಎಣಿಕೆ. ನೀರಿಳಿದ ಮೇಲೆ ಊರಿನವರಿಗೆ ಮನೆಯಿಲ್ಲ, ಕೆಲಸವಿಲ್ಲ. ಊರನ್ನೇ ಬಿಟ್ಟುಹೋಗುವ ಸ್ಥಿತಿ. ಗೊರ್ಯೊ ಸ್ವಂತ ಹಣದಿಂದ ತೀರದ ಉದ್ದಕ್ಕೂ ಮಣ್ಣಿನ ಒಡ್ಡು ಹಾಕಿಸಲು ತೊಡಗಿ, ಅವರಿಗೇ ಕೂಲಿ ಕೊಟ್ಟನು. ನಾಲ್ಕು ವರ್ಷ ಕೆಲಸ ನಡೆದು ೧೮೫೮ರಲ್ಲಿ ಮುಗಿಯಿತು. ಎತ್ತರ ಸುಮಾರು ೫ ಮೀಟರು, ಉದ್ದ ಸುಮಾರು ೬೦೦ ಮೀಟರು. ಅವನು ತೀರಿಕೊಂಡು ಅರುವತ್ತು ವರ್ಷಗಳಾದ ಮೇಲೆ, ೧೯೪೬ರ ಡಿಸೆಂಬರ್ ೨೧ರಂದು, ಕಡಲು ಮತ್ತೆ ಏರಿ ಬಂದಿತು. ಒಡ್ಡಿನ ಹಿಂದಿದ್ದ ಊರಿನ ಬಹುಭಾಗ ಉಳಿಯಿತು. ೨೦೧೫ರಲ್ಲಿ ವಿಶ್ವಸಂಸ್ಥೆ ನವೆಂಬರ್ ೫ನ್ನು ತ್ಸುನಾಮಿ ಜಾಗೃತಿಯ ದಿನವೆಂದು ಸಾರಿತು. ಹಳೆಯ ಜಪಾನೀ ಪಂಚಾಂಗದಂತೆ ಹಿರೊ ಗ್ರಾಮದಲ್ಲಿ ಬೆಂಕಿ ಉರಿದುದು ಹನ್ನೊಂದನೆಯ ತಿಂಗಳ ಐದನೆಯ ದಿನ. ಆ ಊರಿನವರಿಗೆ ವಿಶ್ವಸಂಸ್ಥೆ ಹೇಳಬೇಕಾಗಿರಲಿಲ್ಲ. ೧೯೦೩ರಿಂದಲೇ ಅವರು ನವೆಂಬರಿನಲ್ಲಿ ತ್ಸುನಾಮಿಯ ಹಬ್ಬವನ್ನು ಆಚರಿಸುತ್ತ ಬಂದಿದ್ದಾರೆ. ಅಂದು ಶಾಲೆಯ ಮಕ್ಕಳು ಒಡ್ಡಿನ ಬಳಿಗೆ ಮಣ್ಣು ತಂದು, ಅದರ ಮೇಲೆ ಸುರಿದು, ತಟ್ಟಿ ಗಟ್ಟಿಮಾಡಿ ಬರುತ್ತಾರೆ.